ಭೂತ, ರಾಕೆಟ್, ಮಾಟದ ಕಥೆಗಳ ಸಣ್ಣ ಪತ್ರಿಕೆ: ನಡೆಸಿದವರು ಅನುಭವ ಹೇಳಿ

ಹೊಸ ಸಂಪಾದಕಿ:
ನಾನು, ನನ್ನ ಗೆಳತಿ ಸೇರಿ ಮೂರು ತಿಂಗಳಿಗೊಂದು ಪತ್ರಿಕೆ ತರೋಣ ಅಂತಿದ್ದೇವೆ. ದೆವ್ವ, ಬಾಹ್ಯಾಕಾಶ, ಮಾಯಾಲೋಕ, ಎಲ್ಲಾ ಹಳೇ ಪಲ್ಪ್ ಶೈಲಿಯ (ಅಗ್ಗದ ಒರಟು ಕಾಗದದ ಪತ್ರಿಕೆಗಳಲ್ಲಿ ಬರುತ್ತಿದ್ದ) ಓಟದ ಕಥೆಗಳು. 64 ಪುಟ. ಮೂರು ಸಂಚಿಕೆಗೆ ಆಗುವಷ್ಟು ಉಳಿತಾಯ ಇದೆ. ಅಚ್ಚು ಹಾಕಿಸೋದಾ, ಬರೀ ಇ-ಪತ್ರಿಕೆ ಸಾಕಾ? ಲೇಖಕರಿಗೆ ಮೊದಲ ಸಂಚಿಕೆಯಿಂದಲೇ ಸಂಭಾವನೆ ಕೊಡಬೇಕಾ?

ಅಚ್ಚುಮೊಳೆ:
ಏಳು ಸಂಚಿಕೆ ತಂದಿದ್ದೇನೆ, ಏಳೂ ಅಚ್ಚಿನಲ್ಲಿ. ಹೆಮ್ಮೆ ಇದೆ. ಆದರೆ ಲೆಕ್ಕ ಕೇಳಿ. ಆಫ್‌ಸೆಟ್‌ನಲ್ಲಿ ಪ್ಲೇಟ್ (ಪುಟಗಳನ್ನು ಅಚ್ಚಿಗೆ ಇಳಿಸೋ ತಗಡು) ಖರ್ಚು 300 ಪ್ರತಿಗೂ ಅಷ್ಟೇ, 1000ಕ್ಕೂ ಅಷ್ಟೇ. ಪ್ರೆಸ್‌ನವರು "ಇನ್ನು ಕಾಗದದ ದುಡ್ಡು ತಾನೇ" ಅಂದರು. ಸರಿ ಅಂತ 1000 ಹೊಡೆಸಿದೆ. ಹೋಗಿದ್ದು 340. ಉಳಿದದ್ದು ನನ್ನ ಮಂಚದ ಕೆಳಗೆ.

ಹಳೇ ಪತ್ರಿಕೆಗಳ ಹಾಗೇ ಒರಟು ಕಾಗದ ಇರಲಿ ಅಂತ ಹಠ ಹಿಡಿದು ನ್ಯೂಸ್‌ಪ್ರಿಂಟ್ ಹಾಕಿಸಿದ್ದೆ. ಮರದ ತಿರುಳಿನ ಆ ಕಾಗದದಲ್ಲಿ ಲಿಗ್ನಿನ್ ಅನ್ನೋ ಮರದ ಅಂಶ ಉಳಿದಿರುತ್ತೆ. ಬೆಳಕು, ಗಾಳಿ ತಗುಲಿದರೆ ಹಳದಿಯಾಗುತ್ತೆ. ಎರಡು ವರ್ಷ ಬಿಟ್ಟು ಪೆಟ್ಟಿಗೆ ತೆಗೆದಾಗ ಅಂಚೆಲ್ಲಾ ಟೀ ಬಣ್ಣ, ಒಳಗೆ ಬಿಳಿ. ಮೂಲೆ ಮಡಚಿದರೆ ಮುರಿಯುತ್ತಿತ್ತು.

ಮೂರನೇ ಸಂಚಿಕೆಯದ್ದು ಬೇರೆಯೇ ನೋವು. ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ 16 ಪುಟಕ್ಕೊಂದು ಫಾರಂ, ನಾಲ್ಕು ಫಾರಂ ಅಂದರೆ 64. ಒಂದು ಕಥೆಯ ಕೊನೆ ಕತ್ತರಿಸೋಕೆ ಮನಸ್ಸು ಬರಲಿಲ್ಲ, 67 ಪುಟ ಆಯ್ತು. ಅರ್ಧ ಫಾರಂ ಸೇರಿಸಿ 72 ಮಾಡಿದೆವು. ಮಿಕ್ಕ ಐದು ಪುಟಕ್ಕೆ ರಾತ್ರಿಯಿಡೀ ಕೂತು ಓದುಗರ ಪತ್ರ ಜೋಡಿಸಿದೆ. ಆಮೇಲೆ ತೂಗಿ ನೋಡಿದರೆ ಅಂಚೆಯ ತೂಕದ ಮಿತಿಗಿಂತ 6 ಗ್ರಾಂ ಜಾಸ್ತಿ. ಬರೀ 6 ಗ್ರಾಂ! 280 ಕವರಿಗೂ ಮೇಲಿನ ದರ ಕಟ್ಟಿದೆ. ಆ ಸಂಚಿಕೆಯಲ್ಲಿ ಅಚ್ಚಿಗಿಂತ ಅಂಚೆಗೇ ಜಾಸ್ತಿ ಹೋಯ್ತು.

ಇನ್ನೊಂದು. ದೆವ್ವದ ಸಂಚಿಕೆ ಅಂತ ರಕ್ಷಾಪುಟ ಪೂರ್ತಿ ಕಪ್ಪು ಮಾಡಬೇಡಿ. ಮಡಿಕೆ ಇರುವ ಕಡೆ ಬಣ್ಣ ಬಿರಿದು ಬಿಳಿ ಗೆರೆ ಬೀಳುತ್ತೆ.

ರಾತ್ರಿ ಪಾಳಿ:
ಇದನ್ನೆಲ್ಲಾ ಓದಿದ ಮೇಲೂ ಯಾರಾದರೂ ಅಚ್ಚು ಹಾಕಿಸ್ತಾರಾ? ನಾನು 2020ರಿಂದ ಬರೀ ಇ-ಪತ್ರಿಕೆ. ಗೋದಾಮಿಲ್ಲ, ಅಂಚೆ ಇಲ್ಲ, ತಪ್ಪು ಕಂಡರೆ ರಾತ್ರಿಯೇ ತಿದ್ದಿ ಹಾಕುತ್ತೇನೆ.

ಆದರೆ ಒಂದು ಪೆಟ್ಟು ತಿಂದಿದ್ದೇನೆ. ನನ್ನ ಪ್ರತಿ ಹತ್ತು ಚಂದಾದಾರರಲ್ಲಿ ಏಳು ಜನ ಒಂದೇ ದೊಡ್ಡ ಇ-ಅಂಗಡಿಯಿಂದ ಬಂದವರು. 2023ರಲ್ಲಿ ಅವರು ಪತ್ರಿಕೆಗಳ ಚಂದಾ ವ್ಯವಸ್ಥೆಯನ್ನೇ ನಿಲ್ಲಿಸಿದರು. ಓದುಗರ ಇಮೇಲ್ ಒಂದೂ ನನ್ನ ಹತ್ತಿರ ಇರಲಿಲ್ಲ, ಅಂಗಡಿಯವರು ಕೊಡಲೂ ಇಲ್ಲ. ಮೂರು ವರ್ಷ ನನ್ನ ಕಥೆ ಓದಿದವರಿಗೆ "ನಾನು ಇಲ್ಲಿದ್ದೇನೆ" ಅಂತ ಹೇಳೋಕೂ ದಾರಿ ಇಲ್ಲ. ಇದು ಹೊಸದೇನಲ್ಲ. 1957ರಲ್ಲಿ ಅಮೆರಿಕನ್ ನ್ಯೂಸ್ ಕಂಪನಿ ಅನ್ನೋ ದೊಡ್ಡ ವಿತರಕರು ಬಾಗಿಲು ಹಾಕಿದಾಗ ಎಷ್ಟೋ ವೈಜ್ಞಾನಿಕ ಕಥೆಗಳ ಪತ್ರಿಕೆಗಳು ಅದರ ಹಿಂದೆಯೇ ನಿಂತುಹೋದವು. ಒಬ್ಬರ ಮೇಲೇ ಭಾರ ಹಾಕಿದರೆ ಹೀಗೇ.

ಆ 2023ರಲ್ಲೇ ಎಐ ಕಥೆಗಳ ಮಳೆ. ಫೆಬ್ರವರಿಯಲ್ಲಿ ಅಮೆರಿಕದ ಹೆಸರಾಂತ ವೈಜ್ಞಾನಿಕ ಕಥೆಗಳ ಕ್ಲಾರ್ಕ್ಸ್‌ವರ್ಲ್ಡ್ ಪತ್ರಿಕೆಯವರೇ ಕಥೆ ತಗೊಳ್ಳೋದನ್ನು ಕೆಲವು ದಿನ ನಿಲ್ಲಿಸಬೇಕಾಯ್ತು. ಅಂಥವರಿಗೇ ಹಾಗಾದರೆ ನಾನೊಬ್ಬಳು ಎಲ್ಲಿ? ಒಂದು ವಾರದಲ್ಲಿ 90 ಕಥೆ ಬಂತು. ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತೆ, ವ್ಯಾಕರಣ ಶುದ್ಧ, ಭಯ ಸೊನ್ನೆ. ಆದರೂ ಪೂರ್ತಿ ಓದಿದೆ. ಪಾಪ, ಯಾರೋ ಹೊಸಬರು ನಿಜವಾಗಿ ಬರೆದಿದ್ದರೆ?

ಬಣ್ಣದ ಡಬ್ಬಿ:
ಮೇಡಂ, ಎಐ ಕಥೆ ಬಗ್ಗೆ ಇಷ್ಟು ಹೇಳ್ತೀರಲ್ಲ, ನಿಮ್ಮ ರಕ್ಷಾಪುಟದ ಚಿತ್ರ ಯಾರು ಬರೆದಿದ್ದು? ಆ ಹಡಗಿನ ಹುಡುಗಿಗೆ ಒಂದು ಕೈಯಲ್ಲಿ ಆರು ಬೆರಳಿವೆ. ನಾನು ಎಣಿಸಿದ್ದೇನೆ.

ನಾನು 11 ವರ್ಷದಿಂದ ಇಂಥ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದೇನೆ. 1930ರ ದಶಕದಲ್ಲಿ ಅಮೆರಿಕದ ವಿಯರ್ಡ್ ಟೇಲ್ಸ್ ಅನ್ನೋ ಪಲ್ಪ್ ಪತ್ರಿಕೆಗೆ ಮುಖ ಕೊಟ್ಟಿದ್ದು ಮಾರ್ಗರೆಟ್ ಬ್ರಂಡೇಜ್ ಅವರ ಪೇಸ್ಟಲ್ ಚಿತ್ರಗಳು. ಪೇಸ್ಟಲ್ ಅಂದರೆ ಬಣ್ಣದ ಪುಡಿಯ ಕಡ್ಡಿ, ಬರೆದದ್ದಕ್ಕೆ ಕೈ ತಾಗಿದರೆ ಅಳಿಸಿಹೋಗುತ್ತೆ. ಅಷ್ಟು ನಾಜೂಕಾದ ಕೆಲಸ ಅದು. ಜನ ಕಥೆ ಓದೋ ಮೊದಲು ನೋಡೋದು ನಮ್ಮ ಚಿತ್ರ. ದುಡ್ಡು ಕೇಳಿದರೆ ಮಾತ್ರ "ನಿಮಗೆ ಹೆಸರು ಬರುತ್ತೆ" ಅಂತಾರೆ.

ರಾತ್ರಿ ಪಾಳಿ:
ನಾಲ್ಕು ಸಂಚಿಕೆಗೆ ಮಾತ್ರ ಎಐ ಚಿತ್ರ ಹಾಕಿದ್ದೆ. ಚಂದಾ ಕೈಬಿಟ್ಟಿತ್ತು, ಕಥೆಗಾರರಿಗೆ ಕೊಡೋದಾ ಚಿತ್ರಕ್ಕೆ ಕೊಡೋದಾ ಅನ್ನೋ ಪರಿಸ್ಥಿತಿ. ತಪ್ಪು ಮಾಡಿದೆ, ಒಪ್ಪುತ್ತೇನೆ. ಈಗ ಚಿತ್ರ ಇಲ್ಲದೆ ಬರೀ ಅಕ್ಷರದ ರಕ್ಷಾಪುಟ. ಬೆರಳು ಎಣಿಸಿದವರು ಚಂದಾ ಕಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ಕಥೆ ಬರೆಯುವವ:
ಸಂಭಾವನೆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ. ಎಲ್ಲರಿಗೂ ಪ್ಲೇಟು, ಕಾಗದದ್ದೇ ಚಿಂತೆ.

ನನ್ನ ಒಂದು ಕಥೆ, 6,200 ಪದ, ಒಂದು ಪತ್ರಿಕೆ ಒಪ್ಪಿಕೊಂಡಿತು. "ಪ್ರಕಟವಾದ ಮೇಲೆ ಹಣ" ಅಂದರು. ಹದಿನಾಲ್ಕು ತಿಂಗಳು ಪ್ರಕಟವಾಗಲಿಲ್ಲ. ಬೇರೆ ಕಡೆ ಕಳಿಸೋ ಹಾಗಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದ್ದೆ. ಆಮೇಲೆ ಪತ್ರಿಕೆ ನಿಂತಿತು. ಕಥೆ ಹಕ್ಕು ವಾಪಸ್ ಪಡೆಯೋಕೆ ಒಂಬತ್ತು ಇಮೇಲ್. ಅದು ನನ್ನ ಅಮ್ಮ ಓದಬೇಕು ಅಂತ ಕಾಯ್ತಿದ್ದ ಕಥೆ. ಅವರು ಓದಲಿಲ್ಲ.

ಈ ರೋಗ ಪಲ್ಪ್ ಕಾಲದ್ದೇ. ವಿಯರ್ಡ್ ಟೇಲ್ಸ್‌ನವರೂ ಪ್ರಕಟವಾದ ಮೇಲೇ ಕೊಡುತ್ತಿದ್ದರು, ಅದೂ ತಡವಾಗಿ. ರಾಬರ್ಟ್ ಇ. ಹೋವರ್ಡ್ 1936ರಲ್ಲಿ ತೀರಿಕೊಂಡಾಗಲೂ ಪತ್ರಿಕೆಯಿಂದ ಅವರಿಗೆ ಬರಬೇಕಾದ ಬಾಕಿ ಇತ್ತು. ಅವರ ಕಥೆಗಳಿಂದಲೇ ಜನ ಆ ಪತ್ರಿಕೆ ಕೊಳ್ಳುತ್ತಿದ್ದರು!

ಅಚ್ಚುಮೊಳೆ:
ಆ ಪತ್ರಿಕೆ 1923ರಲ್ಲಿ ಶುರುವಾಗಿ 1954ರವರೆಗೆ ಬದುಕಿತು. ಪ್ರತಿ ಕಥೆಗೂ ಮುಂಗಡ ಕೊಟ್ಟಿದ್ದರೆ ಬದುಕುತ್ತಿತ್ತಾ? ಪತ್ರಿಕೆಯೇ ಇಲ್ಲದಿದ್ದರೆ ಕಥೆ ಎಲ್ಲಿ ಹಾಕ್ತೀರಿ? ನಾನು ಸಂಬಳದ ದುಡ್ಡು ಸುರಿದು ನಡೆಸಿದವನು. ಒಬ್ಬ ಲೇಖಕರೂ "ನಿಮ್ಮ ಕೈಯಿಂದ ಎಷ್ಟು ಹೋಯ್ತು" ಅಂತ ಕೇಳಲಿಲ್ಲ.

ಕಥೆ ಬರೆಯುವವ:
ಪ್ರೆಸ್‌ನವರಿಗೆ "ಮಾರಾಟ ಆದ ಮೇಲೆ ಕೊಡ್ತೀನಿ" ಅಂದಿದ್ರಾ ಸರ್? ಅಂಚೆಯವರಿಗೆ? ಇಲ್ಲ ತಾನೇ? ಆ 6 ಗ್ರಾಂಗೆ ಕೌಂಟರ್‌ನಲ್ಲೇ ಎಣಿಸಿ ಕೊಟ್ಟಿದ್ದೀರಿ. ಕಾಯಿಸೋದು ನಮ್ಮನ್ನು ಮಾತ್ರ.

ನಾನೂ ಈಗ ಒಂದು ಚಿಕ್ಕ ಪತ್ರಿಕೆ ನಡೆಸುತ್ತೇನೆ. 32 ಪುಟ, ಮೂರೇ ಕಥೆ. ಒಪ್ಪಿದ ದಿನವೇ ಹಣ. ಕಮ್ಮಿ ಮೊತ್ತ, ಆದರೆ ಅದೇ ದಿನ. ಒಂದು ವರ್ಷದೊಳಗೆ ಹಾಕದಿದ್ದರೆ ಹಕ್ಕು ತಾನಾಗಿ ಲೇಖಕರಿಗೆ ವಾಪಸ್. ದುಡ್ಡಿಲ್ಲದ ತಿಂಗಳು ಕಥೆ ತಗೊಳ್ಳಲ್ಲ.

ಹೊಸ ಸಂಪಾದಕಿ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ 64 ಪುಟವನ್ನು 48ಕ್ಕೆ ಇಳಿಸಿದರೆ ಹೇಗೆ? ಮೂರು ಫಾರಂ ಆಗುತ್ತೆ ಅಲ್ವಾ?

ಹಳೇ ಚಂದಾದಾರ:
ಅಚ್ಚುಮೊಳೆ ಸರ್, ನಿಮ್ಮದು ಆ ಬಾವಿ ಧಾರಾವಾಹಿ ಬರುತ್ತಿದ್ದ ಪತ್ರಿಕೆ ಅಲ್ವಾ? ನಾನು ವರ್ಷದ ಚಂದಾ ಕಟ್ಟಿದ್ದೆ. ಏಳನೇ ಸಂಚಿಕೆಯಲ್ಲಿ ಕಥೆಯ ನಾಯಕಿ ಹಗ್ಗ ಹಿಡಿದು ಬಾವಿಗೆ ಇಳಿದಳು, ಮೇಲೆ ಹಗ್ಗ ಹಿಡಿದಿದ್ದ ತಂಗಿ ಮಾತಾಡೋದು ನಿಲ್ಲಿಸಿದಳು, "ಮುಂದಿನ ಸಂಚಿಕೆಗೆ" ಅಂತ ಹಾಕಿದ್ರಿ. ಮುಂದಿನ ಸಂಚಿಕೆ ಬರಲೇ ಇಲ್ಲ. ಒಂದು ಸಂಚಿಕೆಯ ದುಡ್ಡು ಹೋಗಲಿ, ಅವಳು ಏನಾದಳು ಅಂತಾದರೂ ಹೇಳಬಹುದಿತ್ತು. ನನಗೆ ಇವತ್ತಿಗೂ ಸಿಟ್ಟಿದೆ.

ಅಚ್ಚುಮೊಳೆ:
ನಿಮ್ಮ ಸಿಟ್ಟು ನ್ಯಾಯವಾದದ್ದು. ಎಂಟನೇ ಸಂಚಿಕೆ ಪುಟ ಜೋಡಿಸಿ, ಎರಡು ಸಲ ಪ್ರೂಫ್ ನೋಡಿ ಮುಗಿಸಿದ್ದೆ. ಪ್ರೆಸ್‌ಗೆ ಕೊಡೋಕೆ ಹಣ ಇರಲಿಲ್ಲ. ಕೊನೆ ಕಂತು ಹನ್ನೊಂದು ಪುಟ ಇದೆ, ಕಂಪ್ಯೂಟರ್‌ನಲ್ಲಿ ಹಾಗೇ ಇದೆ. ಇವತ್ತೇ ಇಲ್ಲಿ ಹಾಕುತ್ತೇನೆ.

ಕಥೆ ಬರೆಯುವವ:
ಆ ಕೊನೆ ಕಂತಿಗೆ ಲೇಖಕಿಗೆ ದುಡ್ಡು ಕೊಟ್ಟಿದ್ರಾ?

ಅಚ್ಚುಮೊಳೆ:
ಇಲ್ಲ. ಏಳನೆಯದಕ್ಕೂ ಅರ್ಧ ಬಾಕಿ. ಮೊದಲು ಅವರಿಗೆ ಫೋನ್ ಮಾಡುತ್ತೇನೆ. ಅವರು ಹೂಂ ಅಂದರೆ ಮಾತ್ರ ಹಾಕುತ್ತೇನೆ.