ಸ್ಟಾರ್ಚ್ ಮಾತ್ರೆ 8 ಗಂಟೆ ನಿಲ್ಲಬೇಕು, 20 ನಿಮಿಷಕ್ಕೇ ಪುಡಿ!

ಹಾವೇರಿ ಹುಡುಗ, ಪುಣೆ:
ಎಂ.ಫಾರ್ಮ್ ಕೊನೆಯ ವರ್ಷ. ಗೋವಿನಜೋಳದ ಸ್ಟಾರ್ಚ್‌ನಿಂದ ಥಿಯೋಫಿಲಿನ್ (ಉಬ್ಬಸದ ಔಷಧ) ನಿಧಾನವಾಗಿ ಬಿಡುವ ಮಾತ್ರೆ ಮಾಡಬೇಕು. ಮನೆಯಲ್ಲಿ ಬೆಳೆಯುವುದೇ ಗೋವಿನಜೋಳ, ಸುಲಭ ಅಂದುಕೊಂಡಿದ್ದೆ. ಟ್ರೈಮೆಟಾಫಾಸ್ಫೇಟ್ ಅನ್ನೋ ರಾಸಾಯನಿಕ ಹಾಕಿ ಕ್ರಾಸ್‌ಲಿಂಕ್ ಮಾಡಿದೆ, ಅಂದರೆ ಸ್ಟಾರ್ಚಿನ ಸರಪಳಿಗಳನ್ನು ಒಂದಕ್ಕೊಂದು ಬೆಸೆದೆ. ಮಾತ್ರೆ ಕರಗುವ ಪರೀಕ್ಷೆಗೆ ಇಟ್ಟೆ: 900 ಮಿ.ಲೀ. ದ್ರವ, 37 ಡಿಗ್ರಿ, ಕಲಕುವ ಪ್ಯಾಡಲ್ ನಿಮಿಷಕ್ಕೆ 50 ಸುತ್ತು. ಇಪ್ಪತ್ತೇ ನಿಮಿಷಕ್ಕೆ ಪಾತ್ರೆಯ ತಳದಲ್ಲಿ ಪುಡಿ. ಟ್ರೈಮೆಟಾಫಾಸ್ಫೇಟ್ ಇನ್ನೂ ಜಾಸ್ತಿ ಮಾಡಿದರೆ ಇನ್ನೂ ಬೇಗ ಒಡೆಯುತ್ತಿದೆ! ಗೈಡ್ ಸರ್ ಸುಮ್ನೆ 'ರಿಪೀಟ್ ಮಾಡು' ಅನ್ನುತ್ತಾರೆ.

ಮಂಡ್ಯದವಳು, ಥಾಣೆ:
ತಮ್ಮಾ, ಮುದ್ದೆ ತಿರುವುವಾಗ ಗಂಟು ಕಟ್ಟುವುದನ್ನು ನೋಡಿದ್ದೀಯಾ? ಹೊರಗೆ ಬೆಂದ ಹಿಟ್ಟಿನ ಪದರ, ಒಳಗೆ ಒಣ ಹಿಟ್ಟು. ಬಿಸಿನೀರಲ್ಲಿದ್ದರೂ ಒಳಕ್ಕೆ ನೀರು ಇಳಿಯುವುದಿಲ್ಲ. ಅಡುಗೆಯಲ್ಲಿ ಅದು ಬೈಗುಳ ತಿನ್ನಿಸುವ ಕೆಲಸ, ನಿನಗೆ ಬೇಕಾದದ್ದು ಅದೇ. ಮಾತ್ರೆಯ ಮೇಲೆ ಜೆಲ್ ಪದರ ಕಟ್ಟಬೇಕು, ಔಷಧ ಅದರೊಳಗಿಂದ ಮೆಲ್ಲಗೆ ಹೊರಬರಬೇಕು.

ಲಿಂಕ್ ಜಾಸ್ತಿಯಾದರೆ ಸ್ಟಾರ್ಚಿನ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ನಡುವೆ ನೀರು ನುಗ್ಗುತ್ತದೆ, ಮಾತ್ರೆ ಬಿಚ್ಚಿಕೊಳ್ಳುತ್ತದೆ. ಬೇಗ ಒಡೆಯಲೆಂದೇ ಹಾಕುವ ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್ ಕೂಡ ಕ್ರಾಸ್‌ಲಿಂಕ್ ಆದ ಸ್ಟಾರ್ಚೇ, ಅಲ್ವಾ? ಲಿಂಕ್ ಇಳಿಸು. ಆಮೇಲೆ ಸ್ಟಾರ್ಚನ್ನು ನೀರಲ್ಲಿ ಬೇಯಿಸಿ, ಒಣಗಿಸಿ, ಪುಡಿ ಮಾಡಿ ಒತ್ತು. ಸಾಮಾನ್ಯ ಗೋವಿನಜೋಳದ ಸ್ಟಾರ್ಚಿನಲ್ಲಿ ಅಮೈಲೋಸ್, ಅಂದರೆ ಉದ್ದ ಸರಪಳಿಯ ಅಂಶ, ಕಾಲು ಭಾಗದಷ್ಟೇ. ಗಟ್ಟಿ ಜೆಲ್ ಕಟ್ಟುವುದು ಅದೇ. ಸಿಕ್ಕರೆ ಹೈ-ಅಮೈಲೋಸ್ ತರಿಸು, ಅದರಲ್ಲಿ 50ರಿಂದ 70 ಶೇಕಡಾ ಇರುತ್ತದೆ.

ವೆರ್ಣಾ ಶಿಫ್ಟ್, ಗೋವಾ:
ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಕಿಣ್ವವಿಲ್ಲದ ಬರೀ ಬಫರ್ ದ್ರಾವಣದಲ್ಲಿ 8 ಗಂಟೆ ಬಂತೆಂದು ಕುಣಿಯಬೇಡ. ಸಣ್ಣ ಕರುಳಿನ ಅಮೈಲೇಸ್ ಕಿಣ್ವ ಸ್ಟಾರ್ಚನ್ನು ಕತ್ತರಿಸುತ್ತದೆ. ಆ ಕಿಣ್ವ ಇರುವ ಪ್ಯಾಂಕ್ರಿಯಾಟಿನ್ ಹಾಕಿಯೂ ಪರೀಕ್ಷೆ ಒಮ್ಮೆ ನಡೆಸು. ನಮ್ಮಲ್ಲಿ ಅದನ್ನು ಬಿಟ್ಟಿದ್ದಕ್ಕೆ ಒಂದು ಬಾರಿ ಎರಡು ವಾರ ನೀರುಪಾಲು.

ಹಾವೇರಿ ಹುಡುಗ, ಪುಣೆ:
ಅಕ್ಕಾ, ಲಿಂಕ್ ಇಳಿಸಿ, ಬೇಯಿಸಿದ ಹಿಟ್ಟಿನಿಂದ ಆರು ಮಾತ್ರೆ ಒತ್ತಿದೆ. ಪರೀಕ್ಷೆಯ ಪಾತ್ರೆಯಲ್ಲಿ ಎರಡು ಗಂಟೆ ಬಿಟ್ಟು ಒಂದನ್ನು ಬ್ಲೇಡಿನಿಂದ ಸೀಳಿದೆ. ಮೇಲೆ ಲೋಳೆ, ನಡುವೆ ಬಿಳಿ ಒಣ ಹಿಟ್ಟು. ಪಕ್ಕಾ ಗಂಟು! ಪ್ಯಾಂಕ್ರಿಯಾಟಿನ್ ಕೇಳಲು ಸ್ಟೋರ್ಸ್‌ಗೆ ಹೊರಟೆ.