ಕೈಯಿಂದ ತಯಾರಿಸಿದ ಹ್ಯಾಮರ್ಡ್ ಡಲ್ಸಿಮರ್: ಕರ್ನಾಟಕ ಸಂಗೀತ ಕಲಿತವರಿಗೆ ಅದರಲ್ಲಿ ಏನು ಸಿಗುತ್ತದೆ?

ಪ್ರಶ್ನೆ: ಮಿಶಿಗನ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಬಾಲ್ಯದಲ್ಲಿ ಮೈಸೂರಿನಲ್ಲಿ ಕೆಲವು ವರ್ಷ ವೀಣೆ ಕಲಿತು, ಆಮೇಲೆ ಉದ್ಯೋಗದ ನಿಮಿತ್ತ ಮಿಶಿಗನ್ ರಾಜ್ಯಕ್ಕೆ ಬಂದು ನೆಲೆಸಿದವನು ನಾನು. ಈ ಸೀಮೆಗೂ, ಸಣ್ಣ ಸುತ್ತಿಗೆಗಳಿಂದ ತಂತಿಗಳನ್ನು ಹೊಡೆದು ನುಡಿಸುವ ಹ್ಯಾಮರ್ಡ್ ಡಲ್ಸಿಮರ್ ವಾದ್ಯಕ್ಕೂ ಇರುವ ನಂಟು ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿಯಿತು. ಇಲ್ಲಿನ ಕಾಡುಗಳಲ್ಲಿ ಮರ ಕಡಿಯುತ್ತಿದ್ದವರ ಬಿಡಾರಗಳಲ್ಲಿ ನುಡಿಯುತ್ತಿದ್ದ ಈ ವಾದ್ಯಕ್ಕೆ ‘ಮರ ಕಡಿಯುವವರ ಪಿಯಾನೊ’ ಎಂಬ ಹೆಸರೇ ಇತ್ತು. ಹೆನ್ರಿ ಫೋರ್ಡ್ 1920ರ ದಶಕದಲ್ಲಿ ಹಳೆಯ ಕಾಲದ ನೃತ್ಯಗಳಿಗಾಗಿ ಕಟ್ಟಿದ ವಾದ್ಯವೃಂದದಲ್ಲಿಯೂ ಅದಕ್ಕೆ ಸ್ಥಾನವಿತ್ತು. ಡಲ್ಸಿಮರ್ ವಾದಕರ ಸಂಘವೊಂದು 1963ರಲ್ಲಿ ಇದೇ ರಾಜ್ಯದಲ್ಲಿ ಹುಟ್ಟಿತು. ಎವಾರ್ಟ್ ಎಂಬ ಪುಟ್ಟ ಊರಿನಲ್ಲಿ ಬೇಸಿಗೆಯಲ್ಲಿ ನಡೆಯುವ ಅದರ ಮೇಳದಲ್ಲಿ ಮರದ ನೆರಳಿನಲ್ಲಿ ಗುಂಪುಗುಂಪಾಗಿ ಕುಳಿತು ನುಡಿಸುವವರನ್ನು ಕೇಳಿದ ಮೇಲೆ, ಈ ವಾದ್ಯ ನನ್ನ ಮನೆಯಲ್ಲಿಯೂ ಇರಬೇಕೆಂಬ ಆಸೆ ಬಿಡದೆ ಕಾಡುತ್ತಿದೆ.

ಈಗ ನನ್ನ ಮುಂದಿರುವುದು, ಒಬ್ಬರೇ ತಮ್ಮ ಕಾರ್ಯಾಗಾರದಲ್ಲಿ ಕೂತು ತಯಾರಿಸುವ ಕುಶಲಕರ್ಮಿಯೊಬ್ಬರ 15/14 ವಾದ್ಯ, ಅಂದರೆ ಹದಿನೈದು ಮತ್ತು ಹದಿನಾಲ್ಕು ತಂತಿಜೋಡಿಗಳ ಎರಡು ಸಾಲುಗಳಿರುವಂಥದ್ದು. ಚೌಕಟ್ಟು ವಾಲ್‌ನಟ್ ಮರದ್ದು, ನಾದಫಲಕ ಸೀಡರ್ ಮರದ್ದು. ಬೆಲೆ ಕಡಿಮೆಯೇನಲ್ಲ. ಗಮಕವನ್ನೇ (ಸ್ವರವನ್ನು ಎಳೆದು, ಕಂಪಿಸಿ, ಜಾರಿಸಿ ನುಡಿಸುವುದನ್ನೇ) ಉಸಿರಾಗಿ ಉಳ್ಳ ಸಂಗೀತವನ್ನು ಕಲಿತ ಕೈಗೆ, ತಂತಿಯನ್ನು ಎಳೆಯಲೂ ಜಾರಿಸಲೂ ಬಾರದ ಈ ವಾದ್ಯದಿಂದ ನಿಜವಾದ ತೃಪ್ತಿ ಸಿಕ್ಕೀತೇ? ಕೈಕೆಲಸದ ವಾದ್ಯಕ್ಕೆ ತೆರುವ ಹೆಚ್ಚಿನ ಹಣಕ್ಕೆ ನಾದದಲ್ಲಿ ಪ್ರತಿಫಲ ಉಂಟೇ? ಐವತ್ತೆಂಟು ತಂತಿಗಳಿಗೆ ಶ್ರುತಿ ಸೇರಿಸುವ ಶ್ರಮವನ್ನು ಸಂಸಾರದ ನಡುವೆ ನಿಭಾಯಿಸಬಹುದೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಪಂಚಮ

ನಾನು ಹಲವು ವರ್ಷಗಳಿಂದ ಕೈಕೆಲಸದ ಡಲ್ಸಿಮರ್ ಒಂದನ್ನು ನುಡಿಸುತ್ತಿದ್ದೇನೆ; ಕಲಿತದ್ದು ಕರ್ನಾಟಕ ಸಂಗೀತದ ಹಾಡುಗಾರಿಕೆ. ಗಮಕದ ಮಾತು ಆಮೇಲೆ ಇರಲಿ. ಈ ವಾದ್ಯ ನಮ್ಮಂಥವರಿಗೆ ಕೊಡುವ ಸಂತೋಷ ಬೇರೊಂದು ಕಡೆ ಇದೆ, ಅದು ಇರುವುದು ಎಡಬದಿಯ ಕುದುರೆಯಲ್ಲಿ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಪಟ್ಟಿಯಲ್ಲಿ.

ಡಲ್ಸಿಮರ್‌ನಲ್ಲಿ ಎರಡು ಉದ್ದನೆಯ ಕುದುರೆಗಳಿವೆ. ಬಲಬದಿಯದು ಮಂದ್ರಕ್ಕೆ. ಎಡಬದಿಗೆ ಇರುವ ತಾರದ ಕುದುರೆಯನ್ನು ಅಂಚಿನಲ್ಲಿ ಇಡದೆ, ತಂತಿಯ ಉದ್ದವನ್ನು ಎರಡಕ್ಕೆ ಮೂರರ ಪ್ರಮಾಣದಲ್ಲಿ ಭಾಗ ಮಾಡುವಂತೆ ನಿಲ್ಲಿಸಿರುತ್ತಾರೆ. ಆದ್ದರಿಂದ ಒಂದೇ ತಂತಿಯನ್ನು ಕುದುರೆಯ ಬಲಕ್ಕೆ ಹೊಡೆದರೆ ಷಡ್ಜ ಕೇಳಿದರೆ, ಎಡಕ್ಕೆ ಹೊಡೆದರೆ ಅದರ ಪಂಚಮ ಕೇಳುತ್ತದೆ. ಇನ್ನು ತಂತಿಜೋಡಿಗಳ ಸಾಲನ್ನು ಗಮನಿಸಿ. ಪಾಶ್ಚಾತ್ಯ ಪದ್ಧತಿಯ ಡಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ಬಿಳಿ ಗುರುತಿರುವ ಜೋಡಿಯಿಂದ ಆರಂಭಿಸಿ ಬಲಗಡೆ ಮೇಲಕ್ಕೆ ನಾಲ್ಕು ಜೋಡಿಗಳನ್ನು ನುಡಿಸಿದಾಗ ಸ ರಿ ಗ ಮ ಬರುತ್ತದೆ. ಮತ್ತೆ ಅದೇ ಗುರುತಿಗೆ ಮರಳಿ ಅದೇ ನಾಲ್ಕು ಜೋಡಿಗಳನ್ನು ಕುದುರೆಯ ಎಡಗಡೆ ನುಡಿಸಿದಾಗ ಪ ದ ನಿ ಸ ಬರುತ್ತದೆ. ಪೂರ್ವಾಂಗ ಬಲಕ್ಕೆ, ಉತ್ತರಾಂಗ ಎಡಕ್ಕೆ, ತಂತಿಗಳು ಮಾತ್ರ ಅವೇ. ಈ ಸ್ವರಗಳ ರಾಗವಾದ ಧೀರಶಂಕರಾಭರಣದ ಎರಡು ಅಂಗಗಳು ಒಂದೇ ಆಕಾರದವು ಎಂದು ಪುಸ್ತಕದಲ್ಲಿ ಓದುವುದು ಬೇರೆ, ಅದನ್ನು ಕೈ ತಾನಾಗಿಯೇ ಕಂಡುಕೊಳ್ಳುವುದು ಬೇರೆ.

ಇದಕ್ಕಿಂತಲೂ ಹೆಚ್ಚು ಸಂತೋಷ ಕೊಟ್ಟದ್ದು ಮುಂದಿನದು. ಇ ಸ್ವರದ ಒಂದೇ ಜೋಡಿಯನ್ನು, ಅಂದರೆ ಎರಡು ತಂತಿಗಳನ್ನು ಮಾತ್ರ, ಅರ್ಧ ಸ್ವರ ಇಳಿಸಿ ನೋಡಿ. ಬಲಗಡೆ ಅದು ಶುದ್ಧ ರಿಷಭವಾಗುತ್ತದೆ; ಎಡಗಡೆ ತನ್ನಷ್ಟಕ್ಕೆ ಶುದ್ಧ ಧೈವತವಾಗುತ್ತದೆ; ನಾವೆಲ್ಲ ಸರಳೆ ವರಸೆ ಹಾಡಿ ಬೆಳೆದ ಮಾಯಾಮಾಳವಗೌಳ ಎದುರಿಗೆ ಬಂದು ನಿಲ್ಲುತ್ತದೆ. ಅದರ ಬದಲು ಎಫ್ ಶಾರ್ಪ್ ಜೋಡಿಯನ್ನು ಮಾತ್ರ ಅಷ್ಟೇ ಇಳಿಸಿದರೆ ಖರಹರಪ್ರಿಯ. ಎರಡನ್ನೂ ಇಳಿಸಿದರೆ ಹನುಮತೋಡಿಯ ಸ್ವರಗಳು. ಶುದ್ಧ ಮಧ್ಯಮದ ಮೇಳಕರ್ತಗಳಲ್ಲಿ (ಏಳೂ ಸ್ವರಗಳಿರುವ ಮೂಲರಾಗಗಳಲ್ಲಿ) ಪೂರ್ವಾಂಗ ಮತ್ತು ಉತ್ತರಾಂಗ ಸಮರೂಪವಾಗಿರುವವು 1, 8, 15, 22, 29 ಮತ್ತು 36 ಎಂಬ ಸಂಖ್ಯೆಯವು, ಏಳೇಳರ ಅಂತರದಲ್ಲಿ. ಈ ಆರೂ ಮೇಳಗಳು ಡಲ್ಸಿಮರ್‌ನ ಒಂದು ಕುದುರೆಯ ಮೇಲೆ ಅತ್ಯಲ್ಪ ಬದಲಾವಣೆಯಿಂದ ದೊರೆಯುತ್ತವೆ. ಮಿಶಿಗನ್‌ನ ಕಾಡಿನ ಬಿಡಾರಗಳಲ್ಲಿ ನೃತ್ಯಕ್ಕಾಗಿ ನುಡಿಸುತ್ತಿದ್ದ ವಾದ್ಯದೊಳಗೆ ಮೇಳಕರ್ತದ ಇಂಥ ಕ್ರಮವೊಂದು ಅಡಗಿದೆ ಎಂಬುದು ನನಗೆ ಇಂದಿಗೂ ಮೈ ಪುಳಕಗೊಳಿಸುವ ಸಂಗತಿ. ಈ ಬದಲಾವಣೆ ತಾರದ ಕುದುರೆಯ ಆ ಒಂದು ಸ್ಥಾಯಿಗೆ ಮಾತ್ರ ಅನ್ವಯಿಸುತ್ತದೆ, ಮಂದ್ರದ ಕುದುರೆಯಲ್ಲಿಯೂ ಅದೇ ರಾಗ ಬೇಕಾದರೆ ಅಲ್ಲಿನ ಜೋಡಿಗಳನ್ನು ಪ್ರತ್ಯೇಕವಾಗಿ ಇಳಿಸಬೇಕು ಎಂಬುದನ್ನು ನೆನಪಿಟ್ಟುಕೊಳ್ಳಿ.

ಶುದ್ಧ ಮಧ್ಯಮಕ್ಕಿಂತ ಅರ್ಧ ಸ್ವರ ಮೇಲಿರುವ ‘ಪ್ರತಿ ಮಧ್ಯಮ’ಕ್ಕೆ ಈ ಉಪಾಯ ನಡೆಯದು, ಏಕೆಂದರೆ ಮಧ್ಯಮವನ್ನು ಏರಿಸಿದರೆ ಎಡಗಡೆಯ ಮೇಲಿನ ಷಡ್ಜವೂ ಏರಿಬಿಡುತ್ತದೆ. ಆದರೆ ಗ್ರಹಭೇದವಿದೆ, ಅಂದರೆ ಷಡ್ಜದ ಸ್ಥಾನವನ್ನು ಬದಲಿಸುವುದು: ಮೊದಲಿನ ಶ್ರುತಿಯಲ್ಲಿಯೇ ಜಿ ಸ್ವರವನ್ನು ಷಡ್ಜವಾಗಿಸಿ, ಬಲಗಡೆ ಮೂರು ಸ್ವರ, ಎಡಗಡೆಗೆ ದಾಟಿ ಐದು ಸ್ವರ ನುಡಿಸಿದರೆ ಕಲ್ಯಾಣಿಯ ಆರೋಹಣ ಪೂರ್ತಿಯಾಗುತ್ತದೆ.

ಆರಂಭಕ್ಕೆ ಏನನ್ನು ನುಡಿಸಬೇಕೆಂದು ಕೇಳಿದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ಸೂಚಿಸುತ್ತೇನೆ. ಅವು ಶಂಕರಾಭರಣದ ಸ್ವರಗಳಲ್ಲಿವೆ, ಗಮಕವನ್ನು ಬೇಡುವುದಿಲ್ಲ, ಅಂದು ಮದರಾಸಿನಲ್ಲಿ ಕೇಳಿಬರುತ್ತಿದ್ದ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳನ್ನು ಆಧರಿಸಿವೆ. ಅವುಗಳಲ್ಲಿ ಕೆಲವಕ್ಕೆ ಐರಿಷ್ ನೃತ್ಯದ ಮಟ್ಟುಗಳೇ ಮೂಲ. ನೀವು ಎವಾರ್ಟ್‌ನಲ್ಲಿ ಕೇಳಿ ಬಂದದ್ದು ಅದೇ ಮನೆತನದ ಸಂಗೀತವನ್ನು.

ಉತ್ತರ: ಧಾರವಾಡದ ಸಂತೂರ್ ವಿದ್ಯಾರ್ಥಿನಿ

ಪಂಚಮ ಅವರ ವಿವರಣೆ ಸೊಗಸಾಗಿದೆ. ಡಲ್ಸಿಮರ್‌ನಂತೆಯೇ ಕೋಲುಗಳಿಂದ ಹೊಡೆದು ನುಡಿಸುವ ಸಂತೂರಿನಲ್ಲಿ ಆ ಅನುಕೂಲ ನಮಗಿಲ್ಲ. ಅಲ್ಲಿ ಪ್ರತಿ ಸ್ವರಕ್ಕೂ ಬೇರೆ ಬೇರೆ ಚಿಕ್ಕ ಕುದುರೆಗಳಿದ್ದು, ರಾಗ ಬದಲಾದಂತೆ ತಂತಿಗಳ ಶ್ರುತಿಯನ್ನೂ ಬದಲಿಸಿಕೊಳ್ಳಬೇಕು. ಕಾಶ್ಮೀರದ ಸಾಂಪ್ರದಾಯಿಕ ವಾದ್ಯದಲ್ಲಿ ಇಪ್ಪತ್ತೈದು ಕುದುರೆಗಳು, ಒಂದೊಂದರ ಮೇಲೆ ನಾಲ್ಕು ತಂತಿಗಳು, ಒಟ್ಟು ನೂರು.

ಗಮಕದ ಪ್ರಶ್ನೆಯನ್ನು ಮಾತ್ರ ಪಕ್ಕಕ್ಕೆ ಸರಿಸಬಾರದು. ತೋಡಿಯ ಸ್ವರಗಳು ದೊರೆತ ಮಾತ್ರಕ್ಕೆ ತೋಡಿ ದೊರೆಯುವುದಿಲ್ಲ. ಗಾಂಧಾರದ ಕಂಪಿತವಿಲ್ಲದ ತೋಡಿಯನ್ನು ವೀಣೆ ಕಲಿತ ಕಿವಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಕಾಶ್ಮೀರದ ಸೂಫಿಯಾನಾ ಸಂಗೀತದ ಸಂತೂರನ್ನು ರಾಗಸಂಗೀತಕ್ಕೆ ತಂದ ಪಂಡಿತ್ ಶಿವಕುಮಾರ್ ಶರ್ಮಾ ಅವರು 1955ರಲ್ಲಿ ಮುಂಬಯಿಯ ವೇದಿಕೆಯಲ್ಲಿ ನುಡಿಸಿದಾಗ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದ ವಾದ್ಯಕ್ಕೆ ರಾಗವೇಕೆ ಎಂಬ ಇದೇ ಆಕ್ಷೇಪವನ್ನು ಎದುರಿಸಬೇಕಾಯಿತು. ಅವರು ವಾದ್ಯವನ್ನು ಪೀಠದಿಂದ ತೊಡೆಗೆ ಇಳಿಸಿದರು, ತಂತಿಗಳ ಜೋಡಣೆಯನ್ನು ಬದಲಿಸಿದರು, ಕೋಲನ್ನು ತಂತಿಯ ಮೇಲೆ ಸೂಕ್ಷ್ಮವಾಗಿ ಜಾರಿಸಿ ಒಂದು ಸ್ವರವನ್ನು ಮುಂದಿನದಕ್ಕೆ ಬೆಸೆಯುವ ಕ್ರಮವನ್ನು ಬೆಳೆಸಿದರು. ಎಳೆದ ಸ್ವರದ ಭ್ರಮೆಯನ್ನು ಹಾಗೆ ಹುಟ್ಟಿಸಬಹುದು. ಡಲ್ಸಿಮರ್‌ನ ಸುತ್ತಿಗೆ ಹಗುರವಾಗಿದ್ದು ಬಾಗುವಂತಿದ್ದರೆ ಆ ಜಾರು ನಡೆಯನ್ನು ಅಲ್ಲಿಯೂ ಸ್ವಲ್ಪ ಮಟ್ಟಿಗೆ ಅಭ್ಯಾಸ ಮಾಡಬಹುದು.

ನನ್ನ ಅಭಿಪ್ರಾಯ ಇಷ್ಟು: ಮೋಹನ, ಹಂಸಧ್ವನಿಯಂತಹ ರಾಗಗಳನ್ನು ಮನಸಾರೆ ನುಡಿಸಿ, ತೋಡಿಯನ್ನು, ವರಾಳಿಯನ್ನು ವೀಣೆಗೇ ಬಿಡಿ. ಇನ್ನೊಂದು ಮಾತು. ಸಾಮಾನ್ಯ ಡಲ್ಸಿಮರ್‌ಗೆ ನಾದವನ್ನು ತಡೆಯುವ ಸಾಧನವಿರುವುದಿಲ್ಲ, ಹೊಡೆದ ಸ್ವರ ಮುಂದಿನ ಸ್ವರದೊಳಗೂ ಮೊಳಗುತ್ತಲೇ ಇರುತ್ತದೆ. ಬುಡಾಪೆಸ್ಟಿನಲ್ಲಿ ಶುಂಡಾ ಎಂಬ ತಯಾರಕರು 1874ರ ಸುಮಾರಿಗೆ ಹಂಗೇರಿಯ ದೊಡ್ಡ ಡಲ್ಸಿಮರ್ ಆದ ಸಿಂಬಲೋಮ್ ವಾದ್ಯಕ್ಕೆ ಪೆಡಲ್ ಜೋಡಿಸಿದ್ದು ಇದಕ್ಕಾಗಿಯೇ. ಪಾಶ್ಚಾತ್ಯ ಹಾರ್ಮನಿಯಲ್ಲಿ ಇದು ತೊಡಕಾಗಬಹುದು, ಆದರೆ ಒಂದೇ ಷಡ್ಜದ ಸುತ್ತ ತಿರುಗುವ ನಮ್ಮ ಸಂಗೀತಕ್ಕೆ ಆ ಅನುರಣನ ವಾದ್ಯದೊಳಗಿನಿಂದಲೇ ಎದ್ದ ತಂಬೂರಿಯಾಗಿ ಒದಗುತ್ತದೆ. ಷಡ್ಜ ಮತ್ತು ಪಂಚಮಗಳನ್ನು ಆಗಾಗ ಮೃದುವಾಗಿ ಮುಟ್ಟುತ್ತಾ ಹೋಗಿ, ಏನಾಗುತ್ತದೆಂದು ಕೇಳಿ.

ಉತ್ತರ: ಮರಗೆಲಸದವ

ಕೈಕೆಲಸದ ಬೆಲೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಕೈಕೆಲಸದ ಮತ್ತು ಕಾರ್ಖಾನೆಯ, ಎರಡೂ ಬಗೆಯ ವಾದ್ಯಗಳನ್ನು ಬಿಚ್ಚಿ ನೋಡಿದ್ದೇನೆ. ಐವತ್ತೆಂಟು ಉಕ್ಕಿನ ತಂತಿಗಳು ಒಟ್ಟಾಗಿ ಸಾವಿರ ಪೌಂಡಿಗೂ ಮೀರಿದ ಸೆಳೆತವನ್ನು ಆ ಚೌಕಟ್ಟಿನ ಮೇಲೆ ಹೇರುತ್ತವೆ. ಬಿರಡೆಗಳನ್ನು ಕೂರಿಸುವ ಎರಡು ಬದಿಯ ದಿಮ್ಮಿಗಳು ಗಟ್ಟಿಯಾದ ಮೇಪಲ್ ಮರದವಾಗಿದ್ದು, ಒಳಗಿನ ಅಡ್ಡಪಟ್ಟಿಗಳು ಸರಿಯಾಗಿ ಬೆಸೆದಿದ್ದರೆ ಮಾತ್ರ ಚೌಕಟ್ಟು ತಿರುಚಿಕೊಳ್ಳದೆ ದಶಕಗಳ ಕಾಲ ನಿಲ್ಲುತ್ತದೆ. ಇಷ್ಟು ಬಲ ಬೇಕು, ಆದರೆ ನಾದಫಲಕ ತೆಳ್ಳಗಿರಬೇಕು. ದಪ್ಪವಾದರೆ ವಾದ್ಯ ಮೂಕವಾಗುತ್ತದೆ. ಈ ಎರಡರ ನಡುವಿನ ಹದವನ್ನು ಅಳತೆಪಟ್ಟಿ ಹೇಳಿಕೊಡುವುದಿಲ್ಲ, ಕೈಗೆ ಬಂದ ಆ ಒಂದು ಹಲಗೆಯ ಎಳೆಗಳನ್ನು ಬಾಗಿಸಿ, ತಟ್ಟಿ ಕೇಳಿ ತಯಾರಕ ನಿರ್ಧರಿಸುತ್ತಾನೆ. ಸೀಡರ್ ಹಲಗೆಯ ದನಿ ಬೆಚ್ಚಗೆ, ದುಂಡಗೆ ಇರುತ್ತದೆ. ಸ್ಪ್ರೂಸ್ ಹಲಗೆಯದು ಹೆಚ್ಚು ಸ್ಫುಟ. ರಾಗ ನುಡಿಸುವ ಉದ್ದೇಶವಿರುವ ನಿಮಗೆ ಸೀಡರ್ ಒಳ್ಳೆಯ ಆಯ್ಕೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ತಾರದ ಕುದುರೆಯ ಹದಿನೈದು ಜೋಡಿಗಳಲ್ಲಿಯೂ ಬಲಗಡೆಯ ಸ್ವರವನ್ನು ಟ್ಯೂನರ್‌ಗೆ ಸರಿಯಾಗಿ ಸೇರಿಸಿ, ಅನಂತರ ಎಡಗಡೆಯ ಪಂಚಮಗಳನ್ನು ಒಂದೊಂದಾಗಿ ನೋಡಿ. ಕುದುರೆಯನ್ನು ಸಾಮಾನ್ಯವಾಗಿ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಒಂದೆರಡು ಕಡೆ ಪಂಚಮ ಅಲ್ಪ ತಪ್ಪಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಪಡಿಸಬಹುದು. ಸಾಲಿನ ಉದ್ದಕ್ಕೂ ಏರುಪೇರು ಕಂಡರೆ ಮಾತ್ರ ಆ ವಾದ್ಯವನ್ನು ಬಿಟ್ಟುಬಿಡಿ. ಪಂಚಮ ಅವರು ವರ್ಣಿಸಿದ ಆನಂದವೆಲ್ಲ ನಿಂತಿರುವುದು ಈ ಹದಿನೈದು ಪಂಚಮಗಳ ನಿಷ್ಠೆಯ ಮೇಲೆ, ಒಳ್ಳೆಯ ತಯಾರಕ ತನ್ನ ಸಮಯವನ್ನು ಸುರಿಯುವುದೂ ಅಲ್ಲಿಯೇ.

ಶ್ರುತಿಯ ಶ್ರಮ ನಿಜ. ಹೊಸ ತಂತಿಗಳು ಹಿಗ್ಗುವ ಮೊದಲ ತಿಂಗಳುಗಳಲ್ಲಿ ಪದೇ ಪದೇ ಸೇರಿಸಬೇಕಾಗುತ್ತದೆ. ಮಿಶಿಗನ್ ಚಳಿಗಾಲದಲ್ಲಿ ಮನೆಯನ್ನು ಕಾಯಿಸಿದಾಗ ಗಾಳಿ ಒಣಗಿ ಹಲಗೆ ಕುಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಬೇಸಿಗೆಯ ತೇವಕ್ಕೆ ಹಲಗೆ ಉಬ್ಬಿ ಶ್ರುತಿ ಏರುತ್ತದೆ. ಕೋಣೆಯ ತೇವಾಂಶವನ್ನು ವರ್ಷವಿಡೀ ಶೇಕಡಾ 40ರಿಂದ 50ರ ನಡುವೆ ಇಟ್ಟರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಬಿಸಿಗಾಳಿ ಬರುವ ಕಿಂಡಿಯ ಬಳಿ ಮಾತ್ರ ಎಂದಿಗೂ ಇಡಬೇಡಿ.

ಪ್ರಶ್ನೆ ಕೇಳಿದವರು: ಮಿಶಿಗನ್ ಕನ್ನಡಿಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾಯಾಮಾಳವಗೌಳದ ವಿಷಯವನ್ನು ಓದಿದ ಮೇಲೆ ಮನಸ್ಸು ನಿಶ್ಚಯವಾಗಿದೆ; ಬರುವ ವಾರ ಹೋಗಿ ಆ ಹದಿನೈದು ಪಂಚಮಗಳನ್ನು ಪರೀಕ್ಷಿಸುತ್ತೇನೆ. ಒಂದು ಸಂದೇಹ ಉಳಿದಿದೆ. ಹೀಗೆ ಒಂದು ಜೋಡಿಯನ್ನು ಆಗಾಗ ಇಳಿಸಿ ಏರಿಸುತ್ತಿದ್ದರೆ ತಂತಿ ತುಂಡಾಗುವುದಿಲ್ಲವೇ, ಬಿರಡೆ ಸಡಿಲವಾಗುವುದಿಲ್ಲವೇ?

ಉತ್ತರ: ಪಂಚಮ

ಅರ್ಧ ಸ್ವರದ ಮಟ್ಟಿಗೆ ಭಯ ಬೇಡ. ನಾನು ಹೇಳಿದ ಮೂರು ರಾಗಗಳಿಗೂ ಬೇಕಾಗುವುದು ತಂತಿಯನ್ನು ಇಳಿಸುವುದು, ಆಮೇಲೆ ಮೊದಲಿನ ಮಟ್ಟಕ್ಕೆ ಮರಳಿಸುವುದು, ಇಷ್ಟೇ. ತಯಾರಕ ನಿಗದಿ ಮಾಡಿದ ಸೆಳೆತವನ್ನು ಎಲ್ಲಿಯೂ ಮೀರುವುದಿಲ್ಲ. 36ನೆಯ ಮೇಳವಾದ ಚಲನಾಟಕ್ಕೆ ಮಾತ್ರ ರಿಷಭವನ್ನು ಏರಿಸಬೇಕಾಗುತ್ತದೆ, ಅದನ್ನು ಪ್ರಯತ್ನಿಸುವ ಮುನ್ನ ತಯಾರಕರನ್ನು ಕೇಳಿ. ಆದರೂ ದಿನಕ್ಕೆರಡು ಬಾರಿ ತಿರುಗಿಸುವುದಕ್ಕಿಂತ, ಒಂದು ರಾಗಕ್ಕೆ ಸೇರಿಸಿದ ಮೇಲೆ ವಾದ್ಯವನ್ನು ಕೆಲವು ವಾರ ಅದೇ ಶ್ರುತಿಯಲ್ಲಿ ಬಿಡುವುದು ಒಳ್ಳೆಯದು. ಇಳಿಸುವಾಗ ಬೇಕಾದ ಸ್ವರಕ್ಕಿಂತ ತುಸು ಕೆಳಗೆ ಹೋಗಿ, ಅಲ್ಲಿಂದ ಮೇಲಕ್ಕೆ ಬಂದು ನಿಲ್ಲಿಸಿ, ಶ್ರುತಿ ಹೆಚ್ಚು ಹೊತ್ತು ನಿಲ್ಲುತ್ತದೆ. ಜೋಡಿಯ ಎರಡು ತಂತಿಗಳಲ್ಲಿ ಒಂದನ್ನು ಟ್ಯೂನರ್‌ಗೆ ಸೇರಿಸಿ, ಎರಡನೆಯದನ್ನು ಕಿವಿಯಿಂದಲೇ ಮೊದಲನೆಯದಕ್ಕೆ ಸೇರಿಸಿ. ವೀಣೆಯ ಶ್ರುತಿ ಸೇರಿಸಿದ ನಿಮಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಸುತ್ತಿಗೆಗಳನ್ನು ಕೊಳ್ಳುವಾಗ ಒಂದು ಮೈ ಬರಿಯ ಮರ, ಇನ್ನೊಂದು ಮೈ ತೊಗಲಿನದಾಗಿರುವ ಜೋಡಿಯನ್ನು ಕೇಳಿ ಪಡೆಯಿರಿ. ನೊಟ್ಟುಸ್ವರಕ್ಕೆ ಮರದ ಮೈ, ಮೋಹನದ ನಿಧಾನದ ಆಲಾಪನೆಗೆ ತೊಗಲಿನ ಮೈ.