ಬೆಲ್ಲದ ಲೇಬಲ್‌ಗೆ ಕೂಪರ್ ಬ್ಲ್ಯಾಕ್ ಫಾಂಟ್ ಹೊಂದುತ್ತಾ? ಕನ್ನಡಕ್ಕೆ ಯಾವ್ದು ಹಾಕೋದು?

ಆಲೆಮನೆ_ಮಂಡ್ಯ:
ಮಂಡ್ಯ ಹತ್ರ ನಮ್ದು ಆಲೆಮನೆ, ಇಷ್ಟು ದಿನ ಬೆಲ್ಲ ಮಂಡಿಗೆ ಹಾಕ್ತಿದ್ವಿ, ಈಗ ಕೆಮಿಕಲ್ ಹಾಕ್ದೆ ಮಾಡಿದ ಅಚ್ಚುಬೆಲ್ಲನ ಪ್ಯಾಕ್ ಮಾಡಿ ಮೈಸೂರಿನ ಅಂಗಡಿಗಳಿಗೆ ಕೊಡೋಣ ಅಂತ ಇದೀವಿ. ಕಂದು ಕವರ್ ಮೇಲೆ ಬಿಳಿ ಅಕ್ಷರ. ಇಂಗ್ಲಿಷ್ ಹೆಸರಿಗೆ ನನ್ ತಂಗಿ ಕೂಪರ್ ಬ್ಲ್ಯಾಕ್ ಆರಿಸವ್ಳೆ, ನಂಗೂ ಇಷ್ಟ ಆಯ್ತು, ಅಣ್ಣ ಮಾತ್ರ ತುಂಬಾ ಹಳೇ ಕಾಲದ್ದು ಅಂತಾನೆ. ಎಲ್ಲಿ ಚೆನ್ನಾಗಿರುತ್ತೆ, ಎಲ್ಲಿ ಕೆಡುತ್ತೆ, ಗೊತ್ತಿರೋರು ಹೇಳಿ. ಕೆಳಗೆ ‘ಅಚ್ಚುಬೆಲ್ಲ’ ಅಂತ ಕನ್ನಡದಲ್ಲೂ ದಪ್ಪಗೆ ಬರ್ಬೇಕು.

ಡಿಟಿಪಿ_ಸರಸ್ವತಿಪುರಂ:
ಹಳೇದು ನಿಜ, 1922ರದ್ದು. ಶಿಕಾಗೋದ ಆಸ್ವಾಲ್ಡ್ ಕೂಪರ್ ಬರೆದಿದ್ದು, ಜಾಹೀರಾತಿನ ಹೆಡ್ಡಿಂಗ್‌ಗೆ ಅಂತಲೇ. ಆದ್ರೆ 60-70ರ ದಶಕದಲ್ಲಿ ಮತ್ತೆ ಜೋರಾಗಿ ಬಂತು, ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡ್‌ನ 1966ರ ‘ಪೆಟ್ ಸೌಂಡ್ಸ್’ ರೆಕಾರ್ಡ್ ಕವರ್ ಮೇಲೆ ಇರೋದು ಇದೇ, ಈಸಿಜೆಟ್ ವಿಮಾನದ ಮೇಲೂ ಇದೇ. ಸೆರಿಫ್, ಅಂದ್ರೆ ಗೆರೆ ತುದಿಯ ಪುಟ್ಟ ಚಾಚು, ಇದೆ ಆದ್ರೆ ಒಂದೂ ಚೂಪಿಲ್ಲ, ತುದಿಯೆಲ್ಲ ಗುಂಡಗೆ, ದೊಡ್ಡ ‘ಓ’ ಒಳಗಿನ ಖಾಲಿ ಜಾಗ ಸ್ವಲ್ಪ ಹಿಂದಕ್ಕೆ ವಾಲಿರುತ್ತೆ, ಐ ಮೇಲಿನ ಚುಕ್ಕೆನೂ ಮೊಟ್ಟೆ ಆಕಾರ. ಇಷ್ಟು ದಪ್ಪ ಇದ್ರೂ ಗದರಿಸ್ದಂಗೆ ಕಾಣಲ್ಲ ಅಂದ್ರೆ ಅದಕ್ಕೇ. ತಿನ್ನೋ ಸಾಮಾನಿಗೆ ಇದು ಒಗ್ಗುತ್ತೆ ಅಂತ ನಾನು ಗಟ್ಟಿಯಾಗೇ ಹೇಳ್ತೀನಿ.

ಸ್ಕ್ರೀನ್ ಪ್ರಿಂಟಿಂಗ್‌ಗೂ ಒಳ್ಳೇದು, ಚೂಪು ತುದಿ ಇಲ್ದಿರೋದ್ರಿಂದ ಇಂಕ್ ಸ್ವಲ್ಪ ಹರಡಿದ್ರೂ ಎದ್ದು ಕಾಣಲ್ಲ. ಆದ್ರೆ ನಿಮ್ದು ಕಂದು ಮೇಲೆ ಬಿಳಿ, ಕವರ್‌ಗೇ ಬಿಳಿ ಇಂಕ್ ಹಾಕಿಸ್ತೀರೋ ಅಥವಾ ಬಿಳಿ ಸ್ಟಿಕ್ಕರ್ ಮೇಲೆ ಕಂದು ಪ್ರಿಂಟ್ ಮಾಡಿ ಅಕ್ಷರದ ಜಾಗ ಖಾಲಿ ಬಿಡಿಸ್ತೀರೋ ಮೊದಲೇ ಕೇಳ್ಕೊಳ್ಳಿ, ಎರಡನೇದ್ರಲ್ಲಿ ಇಂಕ್ ಒಳಕ್ಕೆ ಹರಡಿ ಅಕ್ಷರ ಸಣ್ಣ ಆಗುತ್ತೆ. ಹೆಸರು ಒಂದೆರಡು ಪದ ಇರ್ಲಿ, ಮೊದಲಕ್ಷರ ಬಿಟ್ಟು ಉಳಿದಿದ್ದು ಸ್ಮಾಲ್ ಲೆಟರ್. ತೂಕ, ಎಂಆರ್‌ಪಿ, ವಿಳಾಸ ಇದ್ರಲ್ಲಿ ಹಾಕ್ಲೇಬೇಡಿ, ಸಣ್ಣ ಸೈಜ್‌ನಲ್ಲಿ ಇಂಗ್ಲಿಷ್‌ನ e, a ಅಕ್ಷರಗಳ ಹೊಟ್ಟೆಯೆಲ್ಲ ಮುಚ್ಚೋಗುತ್ತೆ.

ದುಂಡಕ್ಷರ:
ಕನ್ನಡದ ಬಗ್ಗೆ ನಾನು ಹೇಳ್ತೀನಿ. ದಯವಿಟ್ಟು ಕೋರೆಲ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ನುಡಿ ಫಾಂಟ್‌ಗೆ ಔಟ್‌ಲೈನ್ ಕೊಟ್ಟು ದಪ್ಪ ಮಾಡಿಸ್ಬೇಡಿ, ಎಷ್ಟೋ ಕಡೆ ಅದನ್ನೇ ಮಾಡಿಕೊಡ್ತಾರೆ, ಗೆರೆ ಎಲ್ಲಾ ಕಡೆ ಒಂದೇ ಸಮ ಊದಿಕೊಂಡು ಒಳಗಿನ ಜಾಗ ತುಂಬೋಗುತ್ತೆ. ಅದ್ರಲ್ಲೂ ‘ಅಚ್ಚುಬೆಲ್ಲ’ದಲ್ಲಿ ಎರಡು ಒತ್ತು ಇದೆ, ಒತ್ತಕ್ಷರ ಮೊದಲೇ ಚಿಕ್ಕದು, ಔಟ್‌ಲೈನ್ ಕೊಟ್ರೆ ಅದು ಬರೀ ಮಸಿ ಉಂಡೆ. ಮೊದಲಿಂದ ದಪ್ಪಕ್ಕೇ ಬರೆದಿರೋ ಫಾಂಟ್ ತಗೊಳ್ಳಿ. ಏಕ್ ಟೈಪ್ ಅವರ ಬಲೂ ತಮ್ಮ ಇದೆ, ಗೂಗಲ್ ಫಾಂಟ್ಸ್‌ನಲ್ಲಿ ಫ್ರೀ, ಗುಂಡಗೆ, ದಪ್ಪಗೆ, ಕೂಪರ್ ಪಕ್ಕ ಹೊರಗಿನವರ ತರ ಕಾಣಲ್ಲ. ಸೆರಿಫ್ ಇಲ್ವಲ್ಲ ಅಂತ ಯೋಚ್ನೆ ಬೇಡ, ನಮ್ಮ ಅಕ್ಷರಕ್ಕೆ ತಲೆಕಟ್ಟು ಇದೆ, ದುಂಡುತನ ಹೊಂದಿದ್ರೆ ಸಾಕು. ಇಂಗ್ಲಿಷ್‌ಗೂ ಕನ್ನಡಕ್ಕೂ ಒಂದೇ ಪಾಯಿಂಟ್ ಸೈಜ್ ಕೊಡ್ಬೇಡಿ, ಕಣ್ಣಳತೇಲಿ ಹೊಂದಿಸಿ, ಒತ್ತಿಗೆ ಕೆಳಗೆ ಜಾಗ ಬಿಡಿ.

ಆಲೆಮನೆ_ಮಂಡ್ಯ:
ತುಂಬಾ ಉಪಯೋಗ ಆಯ್ತು ಸಾರ್, ಮೇಡಂ. ಕನ್ನಡನೇ ಮೇಲೆ ದೊಡ್ಡದಾಗಿ ಹಾಕಿ ಇಂಗ್ಲಿಷ್ ಕೆಳಗೆ ಇಟ್ರೆ?

ದುಂಡಕ್ಷರ:
ಖಂಡಿತ ಹಾಕಿ, ನಂಗೆ ಅದೇ ಇಷ್ಟ.

ಕುವೆಂಪುನಗರ_ಹುಡುಗ:
ಅಣ್ಣಂಗೆ ಕೂಪರ್ ಬೇಡವೇ ಬೇಡ ಅಂದ್ರೆ ಫ್ರಾನ್ಸೆಸ್ (Fraunces) ಅನ್ನೋ ಇಂಗ್ಲಿಷ್ ಫಾಂಟ್ ನೋಡಿ, ಕೂಪರ್, ವಿಂಡ್ಸರ್ ತರದ ಹಳೇ ಅಕ್ಷರ ನೋಡ್ಕೊಂಡೇ ಮಾಡಿದ್ದು, ಎಷ್ಟು ಮೆತ್ತಗಿರ್ಬೇಕು ಅಂತ ನೀವೇ ಹೆಚ್ಚು ಕಮ್ಮಿ ಮಾಡ್ಕೋಬೋದು. ಓಪನ್ ಲೈಸೆನ್ಸ್, ಪ್ಯಾಕಿಂಗ್‌ಗೆ ದುಡ್ಡು ಕೊಡೋದು ಬೇಕಿಲ್ಲ. ಎರಡರಲ್ಲೂ ಒಂದೊಂದು ಪ್ರಿಂಟ್ ತೆಗೆದು ಪ್ಯಾಕೆಟ್‌ಗೆ ಅಂಟಿಸಿ, ಅಂಗಡಿ ಶೆಲ್ಫ್ ಮೇಲಿಟ್ಟು ದೂರದಿಂದ ಅಣ್ಣಂಗೇ ತೋರಿಸಿ.